ಎರಡು ಘಂಟೆಗಳ ನಡುವೆ ಒಂದು ದಿನ

ಫಿಲಡೆಲ್ಫಿಯಾ ನಗರದಲ್ಲಿ ನಾನು ಕಳೆದದ್ದು ಒಂದೇ ಒಂದು ದಿನ. ಅಷ್ಟಕ್ಕೇ ಒಂದು ಊರನ್ನು ಕಂಡೆನೆಂದು ಹೇಳಿಕೊಳ್ಳುವುದು, ವಿರೂಪಾಕ್ಷನ ಗುಡಿಯ ಮುಂದೆ ಎಳನೀರು ಕುಡಿದು ಬಂದು ವಿಜಯನಗರದ ಇತಿಹಾಸ ತಿಳಿಯಿತೆಂದು ಹೇಳಿದಂತೆ. ಆದರೂ ಆ ದಿನ ಬೆಳಗ್ಗೆ ಒಂದು ಘಂಟೆಯನ್ನು ಕಂಡೆ. ರಾತ್ರಿ ಇನ್ನೊಂದು ಘಂಟೆಯನ್ನು ಕಂಡೆ. ಬೆಳಗ್ಗೆ ಕಂಡದ್ದು ನಿಜವಾದ ಘಂಟೆ, ಅದು ಬಾರಿಸುವುದಿಲ್ಲ. ರಾತ್ರಿ ಕಂಡದ್ದು ತೋರಿಕೆಯ ಘಂಟೆ, ಅದು ಊರೆಲ್ಲ ಕೇಳುವಂತೆ ಬಾರಿಸುತ್ತದೆ. ಇವೆರಡರ ನಡುವೆ ನಾನು ನಡೆದ ದಾರಿಯ ಮಾತನ್ನಷ್ಟೇ ಇಲ್ಲಿ ಹೇಳಬೇಕೆಂದಿದ್ದೇನೆ.

ನನ್ನ ತಂಗಿಯ ಮಗ ನದಿಯ ಆಚೆ ದಡದಲ್ಲಿ, ನ್ಯೂ ಜೆರ್ಸಿಯಲ್ಲಿ, ಸಂಸಾರ ಹೂಡಿದ್ದಾನೆ. ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಅವನ ಮನೆಗೆ ಹೋಗಿದ್ದಾಗ, “ಮಾವ, ಹಗಲೆಲ್ಲ ನಿಮ್ಮದು, ಹಳೆಯ ಕಟ್ಟಡ ಎಷ್ಟು ಬೇಕಾದರೂ ನೋಡಿ. ಸಂಜೆ ಮಾತ್ರ ನನ್ನದು. ಬೇಸ್‌ಬಾಲ್ ಆಟಕ್ಕೆ ಟಿಕೆಟ್ ತೆಗೆದಿಟ್ಟಿದ್ದೇನೆ,” ಎಂದು ಒಪ್ಪಂದ ಮಾಡಿಕೊಂಡ. ಕ್ರಿಕೆಟ್ಟಿನಲ್ಲಿ ಬೆಳೆದ ನನಗೆ ಆ ಆಟದ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಆದರೂ ಒಪ್ಪಿಕೊಂಡೆ.

ಊರು ಹುಟ್ಟಿದ್ದು 1682ರಲ್ಲಿ. ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್, ವಿಲಿಯಂ ಪೆನ್ ಎಂಬ ಕ್ವೇಕರ್ ಪಂಥದ ಗೃಹಸ್ಥನ ತಂದೆಗೆ ಸಲ್ಲಬೇಕಾಗಿದ್ದ ಸಾಲಕ್ಕೆ ಬದಲಾಗಿ ಕಡಲಾಚೆಯ ಕಾಡನ್ನು ಮಗನಿಗೆ ಬರೆದುಕೊಟ್ಟ. ಅದು ಲೆನಾಪೆ ಜನರ ನೆಲ, ಕೊಟ್ಟವನದಲ್ಲ. ಪೆನ್ ಎರಡು ನದಿಗಳ ನಡುವೆ ಚದುರಂಗದ ಮಣೆಯಂತೆ ಬೀದಿಗಳನ್ನು ಎಳೆಸಿದ. ಅಡ್ಡಬೀದಿಗಳಿಗೆ ಅಂಕಿಗಳನ್ನೂ ಉದ್ದಬೀದಿಗಳಲ್ಲಿ ಹಲವಕ್ಕೆ ಮರಗಳ ಹೆಸರನ್ನೂ ಇಟ್ಟರು. ದೊಡ್ಡವರ ಹೆಸರಿಗಿಂತ ಮರದ ಹೆಸರು ಮೇಲೆಂಬ ಈ ವಿವೇಕ ನಮ್ಮ ನಗರಸಭೆಗಳಿಗೂ ಬಂದಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು! ಪೆನ್ ಮತಸಹಿಷ್ಣು, ಯುದ್ಧದ್ವೇಷಿ. ಆದರೆ ಅವನ ಮನೆಯಲ್ಲೂ ಗುಲಾಮರಿದ್ದರು. 1688ರಲ್ಲಿಯೇ ಊರ ಹೊರಗಿನ ಜರ್ಮನ್‌ಟೌನ್ ಎಂಬ ಹಳ್ಳಿಯ ನಾಲ್ಕು ಮಂದಿ, ಮನುಷ್ಯರನ್ನು ಕೊಂಡು ಮಾರುವುದು ಅಧರ್ಮವೆಂದು ಕ್ವೇಕರರ ಸಭೆಗೆ ಬಿನ್ನವತ್ತಳೆ ಬರೆದರು. ಸಭೆ ಅದನ್ನು ಮೇಲಿನ ಸಭೆಗೆ ಕಳಿಸಿತು; ಮೇಲಿನ ಸಭೆ ಇನ್ನೂ ಮೇಲಕ್ಕೆ ಕಳಿಸಿತು. ಅಲ್ಲಿಗೆ ಅದು ಕಡತವಾಯಿತು. ಈ ಬಗೆಯ ಕಥೆಯನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ನೋಡಿದ್ದು ಸ್ವಾತಂತ್ರ್ಯ ಭವನ. ಕೆಂಪು ಇಟ್ಟಿಗೆಯ, ಅಚ್ಚುಕಟ್ಟಾದ, ದರ್ಪವಿಲ್ಲದ ಕಟ್ಟಡ. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆಯನ್ನು ಅಂಗೀಕರಿಸಿದ್ದೂ, 1787ರ ಸೆಪ್ಟೆಂಬರ್ 17ರಂದು ಸಂವಿಧಾನಕ್ಕೆ ಸಹಿ ಬಿದ್ದದ್ದೂ ಒಂದೇ ಕೊಠಡಿಯಲ್ಲಿ. ಆ ಕೊಠಡಿ ನಮ್ಮ ಕಡೆಯ ಛತ್ರವೊಂದರ ಊಟದ ಮನೆಗಿಂತ ದೊಡ್ಡದಲ್ಲ. ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಅವುಗಳ ಮೇಲೆ ಗರಿಯ ಲೇಖನಿ. ಎದುರಿಗೆ ಅಧ್ಯಕ್ಷತೆ ವಹಿಸಿದ್ದ ವಾಷಿಂಗ್ಟನ್ನನ ಕುರ್ಚಿ. ಅದರ ಬೆನ್ನಿನಲ್ಲಿ ಅರ್ಧ ಸೂರ್ಯನ ಕೆತ್ತನೆ. ಇದು ಹುಟ್ಟುವ ಸೂರ್ಯನೋ ಮುಳುಗುವ ಸೂರ್ಯನೋ ಎಂದು ತಿಂಗಳುಗಟ್ಟಲೆ ಅನುಮಾನದಲ್ಲಿದ್ದ ಮುದುಕ ಬೆಂಜಮಿನ್ ಫ್ರಾಂಕ್ಲಿನ್, ಸಹಿಯಾಗುವ ದಿನ ಹುಟ್ಟುವ ಸೂರ್ಯನೇ ಹೌದೆಂದನಂತೆ. ಈ ಮಾತನ್ನು ಮಾರ್ಗದರ್ಶಕನೂ ಹೇಳಿದ. ಅದೇ ಕೊಠಡಿಯಲ್ಲಿ ಇನ್ನೆರಡು ಸಂಗತಿಗಳು ನಡೆದಿವೆ. ಗುಲಾಮ ವ್ಯಾಪಾರವನ್ನು ಖಂಡಿಸಿ ಜೆಫರ್ಸನ್ ಬರೆದಿದ್ದ ಭಾಗವನ್ನು ಘೋಷಣೆಯ ಕರಡಿನಿಂದ ತೆಗೆದುಹಾಕಿದ್ದು ಒಂದು. ಪ್ರತಿನಿಧಿಗಳ ಸಂಖ್ಯೆಯನ್ನು ನಿರ್ಧರಿಸುವಾಗ ಐದು ಮಂದಿ ಗುಲಾಮರನ್ನು ಮೂರು ಮಂದಿಯೆಂದು ಎಣಿಸತಕ್ಕದ್ದೆಂದು ಗೊತ್ತುಮಾಡಿದ್ದು ಇನ್ನೊಂದು. ಆ ಗರಿಯ ಲೇಖನಿಗಳನ್ನು ನೋಡುತ್ತ ನನಗೆ ನೆನಪಾದದ್ದು ಈ ಲೆಕ್ಕವೇ.

ಬೀದಿಯ ಆಚೆ ಗಾಜಿನ ಮಂದಿರದಲ್ಲಿ ಘಂಟೆಯಿದೆ. 1751ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಎರಕದ ಮನೆಗೆ ಹೇಳಿ ತರಿಸಿದ್ದು. ಪರೀಕ್ಷೆಗೆಂದು ಬಾರಿಸಿದ ಮೊದಲ ಪೆಟ್ಟಿಗೇ ಸೀಳಿತು. ಜಾನ್ ಪಾಸ್, ಜಾನ್ ಸ್ಟೋ ಎಂಬ ಊರಿನ ಕುಶಲಿಗಳಿಬ್ಬರು ಅದನ್ನು ಕರಗಿಸಿ ಎರಡು ಸಲ ಎರಕ ಹೊಯ್ದರು. ತೂಕ ಒಂದು ಟನ್ನಿಗೆ ತುಸು ಕಡಿಮೆ. ದೇಶದಲ್ಲೆಲ್ಲ ಸ್ವಾತಂತ್ರ್ಯವನ್ನು ಸಾರಬೇಕೆಂಬ ಹಳೆಯ ಒಡಂಬಡಿಕೆಯ ವಾಕ್ಯವನ್ನು ಮೈಮೇಲೆ ಕೊರೆದಿದ್ದಾರೆ. ಅದರ ಪ್ರಸಿದ್ಧವಾದ ಬಿರುಕಿನ ವಿಷಯದಲ್ಲಿ ನಾನೂ ತಪ್ಪು ತಿಳಿದಿದ್ದೆ. ನಮಗೆ ಕಾಣುವ ಬೆರಳಗಲದ ಸೀಳು ಬಿರುಕಲ್ಲ, ಚಿಕಿತ್ಸೆ. ಮೊದಲಿನ ಸಣ್ಣ ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ಉಜ್ಜಿ ಕರ್ಕಶವಾಗಬಾರದೆಂದು ಕಮ್ಮಾರರು ಬೇಕೆಂದೇ ಅದನ್ನು ಅಗಲ ಮಾಡಿದರು. ಅದಾದ ಮೇಲೆ, 1846ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನನ ಜನ್ಮದಿನಕ್ಕೆಂದು ಬಾರಿಸುತ್ತಿದ್ದಾಗ, ಕೂದಲೆಳೆಯಷ್ಟು ಸಣ್ಣ ಇನ್ನೊಂದು ಬಿರುಕು ಮೇಲಕ್ಕೆ ಓಡಿತು. ಘಂಟೆಯ ಕೊರಳನ್ನು ಕಟ್ಟಿದ್ದು ಅದೇ. ಯಾತ್ರಿಕರ ಕಣ್ಣಿಗೆ ಬೀಳುವುದು ಮಾತ್ರ ಮೊದಲನೆಯದು.

ಘೋಷಣೆಯ ದಿನ ಒಬ್ಬ ಹುಡುಗ ಓಡಿಬಂದು ಬಾರಿಸೆಂದು ಕೂಗಿದ, ಗೋಪುರದಲ್ಲಿ ಕಾದಿದ್ದ ಮುದುಕ ಘಂಟೆ ಬಾರಿಸಿದ ಎಂಬ ಕಥೆ ಅಮೆರಿಕದ ಮಕ್ಕಳಿಗೆಲ್ಲ ಗೊತ್ತು. ಅದು 1847ರಲ್ಲಿ ಜಾರ್ಜ್ ಲಿಪ್ಪಾರ್ಡ್ ಎಂಬ ಕಥೆಗಾರ ಹೆಣೆದದ್ದು. ಸ್ವಾತಂತ್ರ್ಯದ ಘಂಟೆಯೆಂಬ ಹೆಸರೂ 1776ರದಲ್ಲ. ಅದನ್ನು ಹಾಗೆ ಕರೆದು ಪ್ರಚಾರಕ್ಕೆ ತಂದವರು 1830ರ ದಶಕದಲ್ಲಿ ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಮಂದಿ. ಅದರ ಮೇಲಿನ ವಾಕ್ಯವನ್ನು ಓದಿ, ಇದು ಇನ್ನೂ ನಡೆದಿಲ್ಲವಲ್ಲ ಎಂದು ಕೇಳಿದವರು ಅವರು. ಎಂದರೆ, ಸ್ವಾತಂತ್ರ್ಯ ದೊರೆತವರು ಅದನ್ನು ಬರಿಯ ಘಂಟೆಯೆಂದು ಕರೆಯುತ್ತಿದ್ದರು. ದೊರೆಯದವರ ಪಕ್ಷದವರು ಅದಕ್ಕೆ ಸ್ವಾತಂತ್ರ್ಯದ ಹೆಸರಿಟ್ಟರು.

ಈ ಮಂದಿರದ ಬಾಗಿಲಲ್ಲೇ, ಆರನೆಯ ಬೀದಿಯೂ ಮಾರ್ಕೆಟ್ ಬೀದಿಯೂ ಕೂಡುವಲ್ಲಿ, ಮಾಡಿಲ್ಲದ ಇಟ್ಟಿಗೆಯ ಗೋಡೆಗಳು ನಿಂತಿವೆ. ಮೊದಲು ಪಾಳುಮನೆಯೆಂದುಕೊಂಡೆ. 1790ರಿಂದ 1800ರವರೆಗೆ ಈ ಊರು ಅಮೆರಿಕದ ರಾಜಧಾನಿ. ವಾಷಿಂಗ್ಟನ್ನನೂ ಅವನ ಬಳಿಕ ಆಡಮ್ಸನೂ ವಾಸವಾಗಿದ್ದ ಮನೆ ಇಲ್ಲಿತ್ತು. 1832ರಲ್ಲಿ ಅದನ್ನು ಕೆಡವಿ ಅಂಗಡಿಗಳನ್ನು ಕಟ್ಟಿದರು. ಘಂಟೆಗೆ ಹೊಸ ಮಂದಿರ ಕಟ್ಟುವ ಕಾಲಕ್ಕೆ ಚರಿತ್ರಕಾರರು ಒಂದು ಸಂಗತಿಯನ್ನು ಎತ್ತಿ ತೋರಿಸಿದರು: ಘಂಟೆಯ ದರ್ಶನಕ್ಕೆ ಹೋಗುವವರು ವಾಷಿಂಗ್ಟನ್ನನ ಗುಲಾಮರು ಮಲಗುತ್ತಿದ್ದ ಜಾಗವನ್ನು ತುಳಿದುಕೊಂಡು ಒಳಗೆ ಹೋಗಬೇಕಾಗುತ್ತದೆ! ವಾದ ವಿವಾದಗಳೆದ್ದವು; ನೆಲ ಅಗೆದು ನೋಡಿದರು; ಕೊನೆಗೆ 2010ರ ಡಿಸೆಂಬರಿನಲ್ಲಿ ಆ ಮನೆಯ ಗುರುತಾಗಿ ಈ ಗೋಡೆಗಳನ್ನು ಎಬ್ಬಿಸಿದರು. ನಾನು ಹೋದಾಗ, ಆ ಮನೆಯಲ್ಲಿ ಗುಲಾಮರಾಗಿದ್ದ ಒಂಬತ್ತು ಮಂದಿಯ ಹೆಸರುಗಳನ್ನು ಕಲ್ಲಿನಲ್ಲಿ ಓದಿದೆ.

ಅವರಲ್ಲಿ ಓನಾ ಜಡ್ಜ್ ಎಂಬವಳು ಅಧ್ಯಕ್ಷರ ಪತ್ನಿಯ ಸೇವಕಿ. ಪೆನ್ಸಿಲ್ವೇನಿಯಾದಲ್ಲಿ 1780ರಲ್ಲೇ ಒಂದು ಕಾಯಿದೆ ಆಗಿತ್ತು. ಹೊರ ರಾಜ್ಯದವರು ತಂದ ಗುಲಾಮರು ಆರು ತಿಂಗಳು ಅಲ್ಲಿಯೇ ಇದ್ದರೆ ಬಿಡುಗಡೆ ಕೇಳಬಹುದಾಗಿತ್ತು. ವಾಷಿಂಗ್ಟನ್ ಏನು ಮಾಡಿದನೆಂದರೆ, ಆರು ತಿಂಗಳು ತುಂಬುವ ಮೊದಲೇ ಅವರನ್ನು ಸರದಿಯ ಮೇಲೆ ರಾಜ್ಯದ ಗಡಿ ದಾಟಿಸಿ ಮತ್ತೆ ಕರೆಸಿಕೊಳ್ಳುತ್ತಿದ್ದ. 1796ರ ಮೇ ತಿಂಗಳ ಒಂದು ಸಂಜೆ ಒಡೆಯರು ಊಟಕ್ಕೆ ಕುಳಿತಿದ್ದಾಗ ಓನಾ ಹೊಸ್ತಿಲು ದಾಟಿ ಹೊರಟುಹೋದಳು. ಹಡಗು ಹತ್ತಿ ನ್ಯೂ ಹ್ಯಾಂಪ್‌ಷೈರ್ ಸೇರಿದಳು. ಹಿಡಿದು ತರಲು ವಾಷಿಂಗ್ಟನ್ ಜನರನ್ನು ಕಳಿಸಿದ, ಸಾಗಲಿಲ್ಲ. 1848ರಲ್ಲಿ ಸಾಯುವವರೆಗೂ ಕಾಯಿದೆಯ ಕಣ್ಣಿನಲ್ಲಿ ಅವಳು ಓಡಿಹೋದ ಸ್ವತ್ತು. ಅಡಿಗೆಯ ಹರ್ಕ್ಯುಲಿಸ್ ಎಂಬವನು ಮರುವರ್ಷ ಒಡೆಯನ ಹುಟ್ಟುಹಬ್ಬದ ದಿನವೇ, ಫೆಬ್ರವರಿ 22ರಂದು, ವರ್ಜೀನಿಯಾದ ತೋಟದಿಂದ ಮಾಯವಾದ. ಮುಂದೆ ಘಂಟೆಯ ಧ್ವನಿ ನಿಂತದ್ದೂ ಅದೇ ಹಬ್ಬಕ್ಕೆ ಬಾರಿಸಿದಾಗ. ಇದು ಕೇವಲ ಕಾಕತಾಳೀಯ, ಬಲ್ಲೆ.

ಮಧ್ಯಾಹ್ನ ಡೆಲವೇರ್ ನದಿಯ ದಡಕ್ಕೆ ಹೋದೆವು. ಬಿಸಿಲು ನಮ್ಮ ರಾಯಚೂರಿನದನ್ನು ನೆನಪಿಗೆ ತರುವಂತಿತ್ತು. ಇಲ್ಲಿ ಕನ್ನಡ ನಾಡಿನವನಾದ ನನಗೆ ಒಂದು ಸ್ವಂತದ ಕೆಲಸವಿತ್ತು. 1782ರಲ್ಲಿ ಬ್ರಿಟಿಷರ ನೌಕೆಗಳು ಈ ನದಿಯ ಬಾಯಲ್ಲಿ ಕಾದಿದ್ದು ಫಿಲಡೆಲ್ಫಿಯಾದ ವರ್ತಕರ ಹಡಗುಗಳನ್ನು ದೋಚುತ್ತಿದ್ದುವು. ವರ್ತಕರು ಒಂದು ಸರಕು ಹಡಗಿಗೆ 16 ತೋಪುಗಳನ್ನು ಏರಿಸಿ, ಜೋಶುವಾ ಬಾರ್ನಿ ಎಂಬ ಇಪ್ಪತ್ತೆರಡರ ತರುಣನ ಕೈಗೆ ಕೊಟ್ಟರು. ಆ ಹಡಗಿನ ಹೆಸರು ಹೈದರ್ ಆಲಿ! ಶ್ರೀರಂಗಪಟ್ಟಣದ ನವಾಬ ಇಂಗ್ಲಿಷರನ್ನು ಕಂಗೆಡಿಸುತ್ತಿದ್ದ ಸುದ್ದಿ ಸಾಗರ ದಾಟಿ ಈ ಜನಕ್ಕೆ ಧೈರ್ಯ ತಂದಿತ್ತು. ಏಪ್ರಿಲ್ 8ರಂದು ‘ಜನರಲ್ ಮಂಕ್’ ಎಂಬ ಬಲಿಷ್ಠ ನೌಕೆ ಅವನ ಮೇಲೆ ಬಿತ್ತು. ಬಾರ್ನಿ ತನ್ನ ಚುಕ್ಕಾಣಿಗನಿಗೆ, ನಾನು ಯಾವ ಕಡೆಗೆ ಎಂದು ಕೂಗುತ್ತೇನೋ ಅದಕ್ಕೆ ಎದುರು ಕಡೆಗೆ ತಿರುಗಿಸು ಎಂದು ಗುಟ್ಟಾಗಿ ಹೇಳಿಟ್ಟಿದ್ದನಂತೆ. ಕೂಗನ್ನು ಕೇಳಿ ಶತ್ರು ಮೋಸಹೋದ. ಎರಡು ಹಡಗುಗಳು ತೊಡಕಿಕೊಂಡವು. ಅರ್ಧ ಗಂಟೆಯೊಳಗೆ ಜನರಲ್ ಮಂಕ್ ಶರಣಾಯಿತು. ಫಿಲಿಪ್ ಫ್ರೆನೋ ಎಂಬ ಕವಿ ಇದನ್ನು ಹಾಡಿದ. ಅದೇ ವರ್ಷದ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡ. ತನ್ನ ಹೆಸರಿನ ಹಡಗು ಲೋಕದ ಇನ್ನೊಂದು ತುದಿಯಲ್ಲಿ ಗೆದ್ದ ಸಂಗತಿ ಅವನ ಕಿವಿಗೆ ಬಿದ್ದಿತೋ ಇಲ್ಲವೋ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಸೋತ ಕಾರ್ನ್‌ವಾಲಿಸನೇ ಮುಂದೆ ನಮ್ಮಲ್ಲಿಗೆ ಬಂದು, 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, 1792ರಲ್ಲಿ ಹೈದರನ ಮಗ ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒತ್ತೆಗೆ ಪಡೆದ. ಅಲ್ಲಿ ಕಳೆದದ್ದನ್ನು ಇಲ್ಲಿ ಗಳಿಸಿದ. ನದಿ ಮಾತ್ರ ಕಂದುಬಣ್ಣಕ್ಕೆ ತಿರುಗಿ ಸುಮ್ಮನೆ ಹರಿಯುತ್ತಿತ್ತು. ಅಳಿಯ ಐಸ್‌ಕ್ರೀಮ್ ಕೊಡಿಸಿದ.

ಫ್ರಾಂಕ್ಲಿನ್ನನ ಸಮಾಧಿಯ ಮೇಲೆ ಜನ ಚಿಲ್ಲರೆ ಕಾಸು ಎಸೆಯುತ್ತಾರೆ. ಕಾಸನ್ನು ಕೂಡಿಡಿರೆಂದು ಜೀವಮಾನವೆಲ್ಲ ಹೇಳಿದ ಮನುಷ್ಯನಿಗೆ ಇದು ಎಂಥ ಪೂಜೆಯೋ! ಅಲ್ಲಿಂದ ನಗರಸಭಾ ಭವನಕ್ಕೆ ನಡೆದೆವು. 548 ಅಡಿ ಎತ್ತರದ ಶಿಲೆಯ ಗೋಪುರ. ನೆತ್ತಿಯ ಮೇಲೆ 37 ಅಡಿಯ ಕಂಚಿನ ವಿಲಿಯಂ ಪೆನ್. ಅವನ ಹ್ಯಾಟಿಗಿಂತ ಎತ್ತರಕ್ಕೆ ಯಾರೂ ಕಟ್ಟಬಾರದೆಂಬ ಬಾಯಿಮಾತಿನ ಕಟ್ಟಳೆಯನ್ನು 1987ರಲ್ಲಿ ಮುರಿದರು. ಅಲ್ಲಿಂದ ಮುಂದೆ ಊರಿನ ಯಾವ ದೊಡ್ಡ ತಂಡಕ್ಕೂ ಗೆಲುವಿಲ್ಲದಾಯಿತು; ಪೆನ್ನನ ಶಾಪವೆಂದರು. 2007ರಲ್ಲಿ ಇನ್ನೂ ಎತ್ತರದ ಕಟ್ಟಡವೊಂದರ ತುದಿಯ ತೊಲೆಗೆ ಪೆನ್ನನ ಪುಟ್ಟ ಮೂರ್ತಿಯನ್ನು ಅಂಟಿಸಿದರು. 2008ರಲ್ಲಿ ಬೇಸ್‌ಬಾಲ್ ತಂಡ ಗೆದ್ದಿತು. ಶಾಂತಿ ಮಾಡಿಸುವುದು ನಮ್ಮಲ್ಲಿ ಮಾತ್ರ ಇದೆಯೆಂದುಕೊಂಡಿದ್ದೆ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಗೋಪುರದ ಬುಡದಲ್ಲಿ, ದಕ್ಷಿಣದ ಅಂಗಳದಲ್ಲಿ, 2017ರಲ್ಲಿ ನಿಲ್ಲಿಸಿದ ಕಂಚಿನ ಮೂರ್ತಿ. ನೀಳವಾದ ಕೋಟು ತೊಟ್ಟ ತರುಣ, ಕೈಗಳನ್ನು ಚಾಚಿ ಮುಂದಕ್ಕೆ ಹೆಜ್ಜೆ ಹಾಕುತ್ತಿದ್ದಾನೆ, ಎದುರಿಗೆ ಮತಪೆಟ್ಟಿಗೆ. ಅವನ ಹೆಸರು ಆಕ್ಟೇವಿಯಸ್ ಕ್ಯಾಟೋ. ಕಪ್ಪುಜನರ ಶಾಲೆಯೊಂದರಲ್ಲಿ ಉಪಾಧ್ಯಾಯ, ಒಳ್ಳೆಯ ವಾಗ್ಮಿ. ಕುದುರೆ ಎಳೆಯುವ ಟ್ರಾಮುಗಳಲ್ಲಿ ತನ್ನವರಿಗೂ ಜಾಗ ಬೇಕೆಂದು ಹೋರಾಡಿ 1867ರಲ್ಲಿ ಕಾಯಿದೆ ಮಾಡಿಸಿದವರಲ್ಲಿ ಒಬ್ಬ. ಜೊತೆಗೆ ಬೇಸ್‌ಬಾಲ್ ಆಟಗಾರ. ಪಿಥಿಯನ್ ಎಂಬ ಕಪ್ಪುಜನರ ತಂಡದ ಜೀವಾಳ. ಅದೇ 1867ರಲ್ಲಿ ಆ ತಂಡ ರಾಜ್ಯದ ಬೇಸ್‌ಬಾಲ್ ಸಂಘಕ್ಕೆ ಸೇರಲು ಅರ್ಜಿ ಹಾಕಿತು. ಸೋಲು ಖಂಡಿತವೆಂದು ತಿಳಿದ ಮೇಲೆ ಅರ್ಜಿಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಡಿಸೆಂಬರಿನಲ್ಲಿ ರಾಷ್ಟ್ರೀಯ ಸಂಘ, ಕಪ್ಪುಜನರಿರುವ ತಂಡಗಳಿಗೆ ಪ್ರವೇಶವಿಲ್ಲವೆಂದು ಬರೆದೇಬಿಟ್ಟಿತು. 1869ರ ಸೆಪ್ಟೆಂಬರಿನಲ್ಲಿ ಊರಿನ ಬಿಳಿಯರ ತಂಡ ಒಲಿಂಪಿಕ್, ಪಿಥಿಯನ್ನರೊಡನೆ ಆಡಲು ಒಪ್ಪಿತು. 44–23ರಲ್ಲಿ ಬಿಳಿಯರು ಗೆದ್ದರು. ಗೆಲುವು ಸೋಲು ಹಾಗಿರಲಿ, ಒಂದೇ ಕಣಕ್ಕೆ ಇಳಿದರಲ್ಲ, ಅದು ಆಗಿನ ಕಾಲಕ್ಕೆ ದೊಡ್ಡದು.

ಪೆನ್ಸಿಲ್ವೇನಿಯಾದ ಕಪ್ಪುಜನರ ಮತದ ಹಕ್ಕನ್ನು 1838ರಲ್ಲಿ ಕಿತ್ತುಕೊಂಡಿದ್ದರು. 1870ರ ಸಂವಿಧಾನದ ತಿದ್ದುಪಡಿಯಿಂದ ಅದು ಮರಳಿ ಬಂತು. 1871ರ ಅಕ್ಟೋಬರ್ 10 ಚುನಾವಣೆಯ ದಿನ. ಬೀದಿಗಳಲ್ಲಿ ಹೊಡೆದಾಟ ನಡೆದಿತ್ತು. ಕ್ಯಾಟೋ ಮನೆಗೆ ಮರಳುವಾಗ ಸೌತ್ ಬೀದಿಯಲ್ಲಿ, ತನ್ನ ಬಾಗಿಲಿನ ಸಮೀಪದಲ್ಲೇ, ಗುಂಡಿಗೆ ಬಲಿಯಾದ. ವಯಸ್ಸು ಮೂವತ್ತೆರಡು. ಕೊಂದವನನ್ನು ಹಿಡಿದು ವಿಚಾರಿಸಿದ್ದು 1877ರಲ್ಲಿ. ಕಣ್ಣಾರೆ ಕಂಡವರು ಸಾಕ್ಷಿ ಹೇಳಿದರೂ ಪಂಚರು ಅವನನ್ನು ಬಿಟ್ಟರು.

“ಈ ಊರಿನಲ್ಲಿ ಇಷ್ಟು ವರ್ಷ ಇದ್ದೂ ನನಗೆ ಇದು ಗೊತ್ತಿರಲಿಲ್ಲ ಮಾವ,” ಎಂದ ಅಳಿಯ. ಸುರಂಗದ ರೈಲು ಹಿಡಿದು ಆಟದ ಬಯಲಿಗೆ ಹೊರಟೆವು.

ಕ್ರಿಕೆಟ್ ಬಲ್ಲವನಿಗೆ ಬೇಸ್‌ಬಾಲ್ ದಾಯಾದಿಯ ಮನೆಯಿದ್ದಂತೆ. ಮುಖಗಳು ಪರಿಚಿತ, ಮರ್ಯಾದೆಗಳು ಬೇರೆ. ಚೌಕದ ನಾಲ್ಕು ಮೂಲೆಗಳ ನಡುವೆ ತೊಂಬತ್ತು ತೊಂಬತ್ತು ಅಡಿ. ಅರುವತ್ತು ಅಡಿ ಆರು ಅಂಗುಲ ದೂರದಿಂದ ಚೆಂಡು ನೆಲ ಮುಟ್ಟದೆ ಬರುತ್ತದೆ. ಹತ್ತು ಸಲದಲ್ಲಿ ಏಳು ಸಲ ಸೋಲುವವನು ಅಲ್ಲಿ ಮಹಾ ದಾಂಡಿಗ. ಅಚ್ಚರಿಯೆಂದರೆ, ಇದೇ ಊರು ಒಮ್ಮೆ ಅಮೆರಿಕದ ಕ್ರಿಕೆಟ್ಟಿಗೆ ತವರಾಗಿತ್ತು. ಇಲ್ಲಿನ ಬಾರ್ಟ್ ಕಿಂಗ್ ಎಂಬವನು ಬೇಸ್‌ಬಾಲಿನ ಎಸೆತದಿಂದ ಕಲಿತ ವಿದ್ಯೆಯನ್ನು ಕ್ರಿಕೆಟ್ ಚೆಂಡಿಗೆ ಹತ್ತಿಸಿ ಅದನ್ನು ಗಾಳಿಯಲ್ಲಿ ತಿರುಗಿಸುತ್ತಿದ್ದ. 1897ರಲ್ಲಿ ಸಸೆಕ್ಸ್ ತಂಡವನ್ನು 46 ರನ್ನಿಗೆ ಉರುಳಿಸಿದಾಗ, ನಮ್ಮ ರಣಜಿತ್ ಸಿಂಹರನ್ನು ಮೊದಲನೆಯ ಚೆಂಡಿಗೇ ಬೌಲ್ಡ್ ಮಾಡಿದವನು ಇವನೇ. 1908ರಲ್ಲಿ ಇಂಗ್ಲೆಂಡಿನ ಬೌಲಿಂಗ್ ಸರಾಸರಿಯಲ್ಲಿ ಎಲ್ಲರಿಗಿಂತ ಮೇಲೆ ನಿಂತ. ಇದನ್ನು ಹೇಳಿದ ಮೇಲೆ ಅಳಿಯನಿಗೆ ನನ್ನ ಮೇಲೆ ಸ್ವಲ್ಪ ಭರವಸೆ ಬಂತು.

ಊರಿನ ತಂಡ ಫಿಲೀಸ್ 1883ರದು. ಸೋಲಿನಲ್ಲಿ ಅದಕ್ಕೆ ಸರಿಸಮರಿಲ್ಲ. 2007ರಲ್ಲಿ ಹತ್ತು ಸಾವಿರದ ಸೋಲನ್ನು ಕಂಡ ಮೊತ್ತಮೊದಲ ವೃತ್ತಿ ತಂಡ ಇದು. ಜನ ಅಂದು ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಬಯಲಿನ ಬಲಬದಿಯ ಆಚೆ, ಐವತ್ತು ಅಡಿ ಎತ್ತರದ ದೀಪದ ಘಂಟೆಯೊಂದನ್ನು ನೇತುಹಾಕಿದ್ದಾರೆ. ಬೆಳಗ್ಗೆ ಕಂಡ ಘಂಟೆಯದೇ ಆಕಾರ, ಬಿರುಕು ಸಹಿತ. ತಮ್ಮವರು ಹೋಮ್ ರನ್ ಹೊಡೆದಾಗ ಅದು ಬೆಳಗಿ, ತೂಗಿ, ನಾದ ಮಾಡುತ್ತದೆ.

ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಕಪ್ಪುಜನಾಂಗದ ಹಿರಿಯರೊಬ್ಬರು ಮೊಮ್ಮಗನೊಡನೆ ಕುಳಿತಿದ್ದರು. ತೊಡೆಯ ಮೇಲೆ ಅಂಕಪಟ್ಟಿ, ಕೈಯಲ್ಲಿ ಮೋಟು ಪೆನ್ಸಿಲು. ನಾನು ಆಟಕ್ಕೆ ಹೊಸಬನೆಂದು ಕಂಡು, ಗುರುತುಗಳನ್ನು ಒಂದೊಂದಾಗಿ ವಿವರಿಸಿದರು. ಗೋಡೆಯ ಮೇಲಿನ 42 ಎಂಬ ಅಂಕಿ ಏನೆಂದು ಕೇಳಿದೆ. ಜಾಕಿ ರಾಬಿನ್ಸನ್ನನ ಅಂಕಿ. 1997ರಿಂದ ಎಲ್ಲ ತಂಡಗಳೂ ಅದನ್ನು ಅವನ ಗೌರವಕ್ಕೆ ಮೀಸಲಿಟ್ಟಿವೆ ಎಂದರು. ಸ್ವಲ್ಪ ಹೊತ್ತು ಬಿಟ್ಟು, ಉಳಿದದ್ದನ್ನೂ ಹೇಳಿದರು.

ಹಿರಿಯ ತಂಡಗಳಲ್ಲಿ ಕಪ್ಪುಜನರಿಗಿದ್ದ ನಿಷೇಧವನ್ನು ಮುರಿದು ರಾಬಿನ್ಸನ್ ಬ್ರೂಕ್ಲಿನ್ ತಂಡಕ್ಕೆ ಸೇರಿದ್ದು 1947ರಲ್ಲಿ. ಏಪ್ರಿಲ್ 22ರಂದು ಬ್ರೂಕ್ಲಿನ್ನಿನಲ್ಲಿ ಎದುರು ತಂಡವಾಗಿದ್ದದ್ದು ಫಿಲೀಸ್. ಅವರ ವ್ಯವಸ್ಥಾಪಕ ಬೆನ್ ಚಾಪ್‌ಮನ್ನನೂ ಆಟಗಾರರೂ ರಾಬಿನ್ಸನ್ನನ ಜನಾಂಗವನ್ನು ಹಿಡಿದು ಎಸೆದ ಬೈಗುಳಗಳು ಇಂದಿಗೂ ಆ ಆಟದ ಇತಿಹಾಸಕ್ಕೆ ಕಪ್ಪುಚುಕ್ಕೆ. ಮುಂದಿನ ತಿಂಗಳು ಬ್ರೂಕ್ಲಿನ್ ತಂಡ ಈ ಊರಿಗೆ ಬಂದಾಗ, ಅವನಿದ್ದಾನೆಂಬ ಕಾರಣಕ್ಕೆ ಹೋಟೆಲೊಂದು ಇಡೀ ತಂಡವನ್ನು ಬಾಗಿಲಿನಿಂದ ಕಳಿಸಿತು. ಆ ಹೋಟೆಲಿಗೆ ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರು. ಫಿಲೀಸ್ ತಂಡದಲ್ಲಿ ಮೊದಲನೆಯ ಕಪ್ಪು ಆಟಗಾರ ಆಡಿದ್ದು ಸರಿಯಾಗಿ ಹತ್ತು ವರ್ಷಗಳ ಮೇಲೆ, 1957ರ ಏಪ್ರಿಲ್ 22ರಂದು; ಅವರ ಲೀಗಿನಲ್ಲಿ ಎಲ್ಲರಿಗಿಂತ ಕೊನೆಯವರು ಇವರು. ನಗರಸಭೆ ರಾಬಿನ್ಸನ್ನನ ಕ್ಷಮೆ ಕೇಳುವ ನಿರ್ಣಯವನ್ನು ಮಾಡಿದ್ದು 2016ರಲ್ಲಿ. ಅವನು 1972ರಲ್ಲೇ ತೀರಿಕೊಂಡಿದ್ದ.

“ಆ ಮೇ ತಿಂಗಳ ಆಟಕ್ಕೆ ನಮ್ಮಪ್ಪ ಹೋಗಿದ್ದರು,” ಎಂದರು ಹಿರಿಯರು. “ಹುಟ್ಟಿ ಬೆಳೆದದ್ದು ಇದೇ ಊರು. ಆದರೂ ಅಂದು ಕೂಗಿದ್ದು ಬ್ರೂಕ್ಲಿನ್ನಿಗೆ. ಆಮೇಲೆ ಸಾಯುವವರೆಗೂ ಫಿಲೀಸ್ ಆಟಕ್ಕೆ ಕಾಲಿಡಲಿಲ್ಲ. 1964ರಲ್ಲಿ ಡಿಕ್ ಆಲನ್ ಬಂದ. ಅವನನ್ನು ನೋಡಬೇಕೆಂದು ನಾನು ಅಪ್ಪನಿಗೆ ಹೇಳದೆ ಹೋದೆ.”

ಆ ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಮನ್ನಣೆ ಆಲನ್ನನಿಗೆ ಬಂದಿತ್ತು. ಆದರೆ ಕ್ರಮೇಣ ಸ್ವಂತ ಊರಿನ ನೋಟಕರೇ ಅವನ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆಯತೊಡಗಿದರು. ಬೇರೆಯವರು ಬ್ಯಾಟು ಹಿಡಿದಾಗ ಮಾತ್ರ ತೊಡುವ ಶಿರಸ್ತ್ರಾಣವನ್ನು ಅವನು ಕ್ಷೇತ್ರರಕ್ಷಣೆಯಲ್ಲಿಯೂ ತೊಡಬೇಕಾಯಿತು. 2020ರಲ್ಲಿ ಫಿಲೀಸ್ ಅವನ 15ರ ಅಂಕಿಯನ್ನು ಗೌರವಕ್ಕೆ ಮೀಸಲಿಟ್ಟಿತು. ಅದೇ ವರ್ಷ ಅವನು ತೀರಿಕೊಂಡ. ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಅವನನ್ನು ಆರಿಸಿದ್ದು 2024ರ ಡಿಸೆಂಬರಿನಲ್ಲಿ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ಈ ಹಿರಿಯರ ನೆನಪಾಗಿತ್ತು.

“ತಂದೆಗೆ ತಿಳಿಯಿತೆ?” ಎಂದು ಕೇಳಿದೆ.

“ತಿಳಿಯದೆ ಏನು! ಏನೂ ಅನ್ನಲಿಲ್ಲ. ಸ್ಕೋರ್ ಎಷ್ಟು ಅಂತ ಕೇಳಿದರು, ಅಷ್ಟೆ.”

ಎಂಟನೆಯ ಇನ್ನಿಂಗ್ಸಿನಲ್ಲಿ ಊರಿನವನೊಬ್ಬ ಬೀಸಿದ ಹೊಡೆತಕ್ಕೆ ಚೆಂಡು ದೀಪಗಳ ಬೆಳಕಿನಲ್ಲಿ ಎದ್ದು, ಗೋಡೆಯಾಚೆ ಜನರ ನಡುವೆ ಬಿತ್ತು. ದೀಪದ ಘಂಟೆ ಹೊತ್ತಿಕೊಂಡು ಅತ್ತ ಇತ್ತ ತೂಗತೊಡಗಿತು. ನಾದ ಬಯಲನ್ನೆಲ್ಲ ತುಂಬಿತು. ಸಾವಿರಾರು ಜನ ಒಟ್ಟಿಗೆ ಎದ್ದರು. ಅಳಿಯ ಕುರ್ಚಿಯ ಮೇಲೆ ಹತ್ತಿದ್ದ. ನಾನೂ ಎದ್ದು ನಿಂತಿದ್ದೆನೆಂಬುದು ಆಮೇಲೆ ತಿಳಿಯಿತು. ಹುಡುಗ ತಾತನ ತೋಳನ್ನು ಹಿಡಿದು ಎಳೆಯುತ್ತಿದ್ದ. ಅವರು ಏಳಲಿಲ್ಲ, ಹುಡುಗನ ಬೆನ್ನ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಿಂದ ಅಂಕಪಟ್ಟಿಯ ಪುಟ್ಟ ಚೌಕದಲ್ಲಿ ನಾಲ್ಕು ಗೆರೆ ಎಳೆದು, ಒಳಗೆಲ್ಲ ಪೆನ್ಸಿಲಿನಿಂದ ಕಪ್ಪು ತುಂಬಿದರು.